ಹೊತ್ತೊಯ್ಯಲು ಒಬ್ಬ

ಕರೇಗುಡ್ಡದ ಸರಕಾರಿ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಗೆ ಆ ಮಧ್ಯಾಹ್ನ ಬಂದವರೆಲ್ಲರ ಎಡ ಮೊಣಕಾಲೇ ಮುರಿದಿತ್ತು. ಒಬ್ಬಿಬ್ಬರದಾಗಿದ್ದರೆ ಅವರವರ ಹಣೆಬರಹ ಎನ್ನಬಹುದಿತ್ತು. ಆದರೆ ಸ್ಟ್ರೆಚರ್ ಮೇಲೆ, ಕಿತ್ತ ಬಾಗಿಲಿನ ಮೇಲೆ, ಒಬ್ಬರ ಬೆನ್ನ ಮೇಲೆ ಒಬ್ಬರಾಗಿ ಬಂದ ಉಕ್ಕಿನ ಕಾರ್ಖಾನೆಯ ಕೆಲಸಗಾರರೆಲ್ಲ ಅದೊಂದೇ ಕಾಲು ಹಿಡಿದುಕೊಂಡು ಒದ್ದಾಡುತ್ತಿದ್ದರು. ಚಿಪ್ಪು ಪುಡಿಯಾಗಿ ಕಾಲು ಒಳಕ್ಕೆ ತಿರುಚಿಕೊಂಡಿತ್ತು. ಎದ್ದು ನಿಲ್ಲಲು ಹವಣಿಸಿದವರಿಗೆ ಇನ್ನೊಂದು ಪೆಟ್ಟು ಬಲಗೈಯ ಮಣಿಕಟ್ಟಿಗೆ ಬಿದ್ದು, ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು.

ಪ್ಲಾಸ್ಟರ್ ಹಾಕುವ ನೀಲಗಂಗಾ ಕಮ್ಮಾರಳಿಗೆ ಮುರಿದ ಮೂಳೆ ಹೊಸದಲ್ಲ. ಬೈಕಿನಿಂದ ಬಿದ್ದದ್ದೋ, ಗಂಡ ಬಡಿದದ್ದೋ, ಮೂಳೆ ನೋಡಿಯೇ ಹೇಳುವಷ್ಟು ವರ್ಷ ಅವಳು ಆ ಕೋಣೆಯಲ್ಲಿ ಕಳೆದಿದ್ದಳು. ಸಿಟ್ಟಿನಲ್ಲಿ ಹೊಡೆದವನ ಪೆಟ್ಟು ಒಂದು ಮೇಲೆ ಬೀಳುತ್ತದೆ, ಒಂದು ಕೆಳಗೆ ಬೀಳುತ್ತದೆ. ಇಲ್ಲಿ ಎಲ್ಲವೂ ಒಂದೇ ಜಾಗಕ್ಕೆ, ಒಂದೇ ತೂಕದಲ್ಲಿ ಬಿದ್ದಿದ್ದವು. ಹೊಡೆದ ಕೈ ದಣಿದಿರಲಿಲ್ಲ.

"ಪಹರಿಗೋಳು ರೀ ಮೇಡಂ," ಅಂದ ಮೊದಲನೆಯವನು, ಹಲ್ಲು ಕಚ್ಚಿಕೊಂಡು. "ನಡುವ ದಾರಿ ಬಿಟ್ವು. ಒಂದು ಪಹರಿ ಕುಂಟಿಕೋತ ಹಿಂದ ಹೊಂಟಿತ್ತು. ಹೆದರ್ಯಾವು, ಕೆಟ್ಟಾವು ಅನ್ಕೊಂಡು ಅದನ್ನ ಬಡಿಯಾಕ ಎಲ್ಲಾರೂ ಒಳಗ ನುಗ್ಗಿದ್ವಿ. ಎರಡೂ ಮಗ್ಗಲಿಂದ ಬಂದು ಮುಚ್ಚಿಬಿಟ್ವು ನೋಡ್ರಿ."

ಪಹರೆ ಎಂದರೆ ಕಾರ್ಖಾನೆಯ ಕಾವಲು ಯಂತ್ರ. ನಾಲ್ಕು ಕಾಲು, ಸೊಂಟದೆತ್ತರ, ಮುಂದೊಂದು ಉದ್ದನೆಯ ಉಕ್ಕಿನ ತೋಳು. ಬಂದೂಕಿಲ್ಲ. ಗುಂಡು ಹಾರಿಸಿದರೆ ಕೋರ್ಟು ಕಚೇರಿ, ಮೊಣಕಾಲು ಮುರಿದರೆ ಅದಕ್ಕೆ ಕಾನೂನಿನಲ್ಲಿ 'ಸಂಯಮದ ಬಲಪ್ರಯೋಗ' ಎಂಬ ಸೊಗಸಾದ ಹೆಸರಿತ್ತು. ಕುಲುಮೆಯೊಂದು ಬಾಯಿಬಿಟ್ಟು ಹತ್ತಾರು ಜನ ಕರಕಲಾದ ಮೇಲೆ, ಅದನ್ನು ರಿಪೇರಿ ಮಾಡುವ ತನಕ ಒಳಗೆ ಕಾಲಿಡುವುದಿಲ್ಲ ಎಂದು ಕೆಲಸಗಾರರು ಗೇಟಿನ ಮುಂದೆ ಕೂತಿದ್ದರು. ಕಂಪನಿ ಕುಲುಮೆಯನ್ನು ರಿಪೇರಿ ಮಾಡಿಸಲಿಲ್ಲ, ಪಹರೆಗಳನ್ನು ಕೊಂಡು ತಂದಿತು.

ಇನ್ನೊಂದು ವಿಚಿತ್ರವೂ ಇತ್ತು. ಪೆಟ್ಟು ತಿಂದ ಪ್ರತಿ ಗುಂಪಿನಲ್ಲೂ ಒಬ್ಬನಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಆ ಒಬ್ಬೊಬ್ಬರೇ ಉಳಿದವರನ್ನು ಎಳೆದುಕೊಂಡು, ಹೊತ್ತುಕೊಂಡು ಆಸ್ಪತ್ರೆಗೆ ತಂದಿದ್ದರು. ಅವರ ಮುಖ ಪೆಟ್ಟು ತಿಂದವರಿಗಿಂತ ಕೆಟ್ಟಿತ್ತು. ಇವನನ್ನೇ ಯಾಕೆ ಬಿಟ್ಟವು, ಇವನು ಕಂಪನಿಯ ಚಮಚಾ ಇರಬೇಕು ಎಂದು ಜನ ಆಗಲೇ ಗುಸುಗುಸು ಅನ್ನುತ್ತಿದ್ದರು. ಅಂಥ ಒಬ್ಬನಿಗೆ ಆಸ್ಪತ್ರೆಯ ಅಂಗಳದಲ್ಲೇ ಅವನ ಜನ ಚಪ್ಪಲಿಯಿಂದ ಬಡಿದರು. ಯಂತ್ರ ಉಳಿಸಿದ್ದನ್ನು ಮನುಷ್ಯರು ಪೂರೈಸಿದರು ಅನ್ನಿ.

ನೀಲಗಂಗಾ ಎಲ್ಲರ ಮೂಳೆ ಎಳೆದು ಕೂಡಿಸಿ, ಬಟ್ಟೆ ಸುತ್ತಿ, ಮನೆಗೆ ಹೋದಳು. ಕೈತೊಳೆದು, ರೊಟ್ಟಿ ತಿಂದು, ಫೋನು ತೆರೆದು ಚೆಸ್ ಆಡಲು ಕೂತಳು.

ಆನ್‌ಲೈನಿನಲ್ಲಿ ಅವಳ ಹೆಸರು 'ಗರಡಿಗಂಗಿ'. ಯಾರ ಜೊತೆ ಆಡುತ್ತಿದ್ದೇವೆ ಎಂದು ಅತ್ತಲಿನವರಿಗೆ ಗೊತ್ತಿರಲಿಲ್ಲ, ಆದರೆ ಆ ಹೆಸರು ಕಂಡರೆ ಅನೇಕರು ಆಟ ಬಿಟ್ಟು ಓಡುತ್ತಿದ್ದರು. ಹಗಲೆಲ್ಲ ಮುರಿದದ್ದನ್ನು ಜೋಡಿಸುವ ಹೆಂಗಸು ಸಂಜೆ ಹಲಗೆಯ ಮೇಲೆ ಮುರಿಯುವುದನ್ನೇ ಮಾಡುತ್ತಿದ್ದಳು. ಮಂತ್ರಿಯನ್ನೇ ಎಸೆದುಬಿಡುವಳು. ಎದುರಿನವನು ಜೊಲ್ಲು ಸುರಿಸಿಕೊಂಡು ಅದನ್ನು ತಿನ್ನಲು ನಡುವಿಗೆ ಬರುವನು. ಬಂದನೋ, ಎರಡು ಮಗ್ಗುಲಿಂದ ಆನೆ ಕುದುರೆಗಳು ಮುಚ್ಚಿಕೊಂಡು ಅವನನ್ನು ಅರೆಯುತ್ತಿದ್ದವು.

ಆಟ ಕಲಿಸಿದವನು ಅಪ್ಪ, ಗರಡಿಯ ಉಸ್ತಾದ ಲಕ್ಕಪ್ಪ. ಮಣ್ಣಿನಲ್ಲಿ ಪಟ್ಟು ಹಾಕಿ ಮುಗಿದ ಮೇಲೆ ಪೈಲ್ವಾನರು ಮೈಗೆ ಹತ್ತಿದ ಕೆಮ್ಮಣ್ಣನ್ನೂ ಒರೆಸಿಕೊಳ್ಳದೆ ಚೆಸ್ ಹಲಗೆಯ ಸುತ್ತ ಕೂರುತ್ತಿದ್ದರು. ಆ ಗರಡಿಗೊಂದು ನೇಮವಿತ್ತು. ಎಷ್ಟು ಬೇಕಾದರೂ ಕಾಯಿ ಹೊಡಿ, ರಾಜನನ್ನು ಕಟ್ಟಿಹಾಕು, ಆದರೆ ಅವನ ಕೊನೆಯ ಕಾಯಿಯನ್ನು ಮುಟ್ಟಬೇಡ. ರಾಜನನ್ನು ಒಂಟಿ ಮಾಡಿ ಗೆದ್ದವನಿಗೆ ಅಲ್ಲಿ ಗೆಲುವಿಲ್ಲ, ಅಂದಿನ ಹಾಲೂ ಇಲ್ಲ. "ಬಿದ್ದಾಂವನ್ನ ಮನಿಗೆ ಹೊತ್ಕೊಂಡು ಹೋಗಾಕ ಒಬ್ಬ ಬೇಕಲ್ಲ," ಅನ್ನುತ್ತಿದ್ದ ಲಕ್ಕಪ್ಪ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಈ ನೇಮವನ್ನು ನೀಲಗಂಗಾ ಆನ್‌ಲೈನಿಗೂ ಕೊಂಡೊಯ್ದಿದ್ದಳು. ಎಷ್ಟೋ ಆಟದಲ್ಲಿ ಅವಳು ಬಿಟ್ಟ ಆ ಒಂದು ಕಾಲಾಳೇ ಮುನ್ನಡೆದು ಮಂತ್ರಿಯಾಗಿ ಅವಳಿಗೆ ಮಣ್ಣುಮುಕ್ಕಿಸಿತ್ತು.

ಚೆಸ್ ಆಪಿನಲ್ಲೊಬ್ಬ ಗುರುವಿದ್ದ. ಮನುಷ್ಯನಲ್ಲ, ಆಟಗಳನ್ನು ಓದಿ ವರದಿ ಬರೆಯುವ ಯಂತ್ರ. ತಿಂಗಳಿಗೊಮ್ಮೆ ಬರುವ ಆ ವರದಿಯಲ್ಲಿ ಅವಳ ಶೈಲಿಯನ್ನು ಹೊಗಳಿದ್ದೇ ಹೊಗಳಿದ್ದು. ಎದುರಾಳಿಯ ಆಸೆಯನ್ನು ಓದುವುದರಲ್ಲಿ ನಿಮಗೆ ಸಾಟಿಯಿಲ್ಲ, ಬಲಿಕೊಡಲು ಹಿಂಜರಿಯುವುದಿಲ್ಲ, ಅಂಚಿನಿಂದ ಮುತ್ತುವ ಕಲೆ ಅಪೂರ್ವ, ಹೀಗೆ. ಆ ಸಂಜೆ ಬಂದ ವರದಿಯ ಕೊನೆಯಲ್ಲಿ ಮಾತ್ರ ಸುಧಾರಿಸಿಕೊಳ್ಳಬೇಕಾದ ಮಾತಿತ್ತು. ಒಂದು, ಎದುರಿನವರು ಬಲಿಯನ್ನು ತಿನ್ನದೆ ಸುಮ್ಮನಿದ್ದರೆ ನಿಮಗೆ ಸಿಟ್ಟು ಬರುತ್ತದೆ, ಬಲಗಡೆ ಕಾವಲಿಲ್ಲದೆ ನುಗ್ಗಿ ಸೋಲುತ್ತೀರಿ. ಇನ್ನೊಂದು, ಎದುರಾಳಿಯ ಕೊನೆಯ ಕಾಯಿಯನ್ನು ಕಾರಣವಿಲ್ಲದೆ ಉಳಿಸುತ್ತೀರಿ. ಇದನ್ನು ಬಿಟ್ಟರೆ ಮೇಲಿನ ದರ್ಜೆಗೆ ಏರುವಿರಿ.

ಮೊದಲನೆಯದು ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಎರಡನೆಯದನ್ನು ಬಿಡುವುದು ಸುಲಭವಾಗಿತ್ತು. ವರ್ಷಗಟ್ಟಲೆ ಅದೊಂದೇ ದರ್ಜೆಯಲ್ಲಿ ಕೊಳೆಯುತ್ತಿದ್ದವಳಿಗೆ ಆಸೆ ಹುಟ್ಟಿತು. ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು, ಗರಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಆ ಸಂಜೆಯಿಂದ ಅವಳು ಕೊನೆಯ ಕಾಯಿಯನ್ನೂ ಹೊಡೆಯತೊಡಗಿದಳು. ಹದಿನೈದು ದಿನದಲ್ಲಿ ಮೇಲಿನ ದರ್ಜೆ ಸಿಕ್ಕಿತು. ಖುಷಿಗೆ ಶಾವಿಗೆ ಪಾಯಸ ಮಾಡಿದಳು.

ಪಾಯಸ ಉಣ್ಣಲು ಬಂದ ತಮ್ಮ ಫಕ್ಕೀರಪ್ಪ ಅವತ್ತು ಅವಳೊಡನೆ ಒಂದು ಆಟ ಆಡಿದ. ಅವನು ಕುಲುಮೆಯ ಕೆಲಸಗಾರ, ಗೇಟಿನ ಮುಂದೆ ಕೂತವರಿಗೆ ಮುಂದಾಳು. ಊರಿನಲ್ಲಿ ಅಕ್ಕನನ್ನು ಸೋಲಿಸಬಲ್ಲ ಒಬ್ಬನೇ ಮನುಷ್ಯ ಅವನಾಗಿದ್ದ, ಯಾಕೆಂದರೆ ಅವಳು ಕೊಟ್ಟದ್ದನ್ನು ಅವನು ಯಾವತ್ತೂ ತಿನ್ನುತ್ತಿರಲಿಲ್ಲ. ಅಂದು ಮನಸ್ಸು ಗೇಟಿನ ಕಡೆ ಇತ್ತೋ ಏನೋ, ಸೋಲುತ್ತ ಬಂದ. ಅವನಿಗೆ ಉಳಿದದ್ದು ರಾಜ, ಜೊತೆಗೊಂದು ಕುದುರೆ. ನೀಲಗಂಗಾ ಕುದುರೆಯನ್ನು ಹೊಡೆದು ಕೆಳಗಿಟ್ಟಳು.

ಫಕ್ಕೀರಪ್ಪ ಹಲಗೆಯನ್ನು ನೋಡಿದ, ಅಕ್ಕನನ್ನು ನೋಡಿದ.

"ಅಪ್ಪ ಇದ್ದಿದ್ರ ಕಪಾಳಕ್ಕ ಬಿಡತಿದ್ದ."

"ಅಪ್ಪನ ಕಾಲ ಮುಗೀತೋ ತಮ್ಮಾ. ಈಗ ಎಲ್ಲಾರೂ ಹಿಂಗ ಆಡೋದು."

"ಆಡ್ಲಿ ಬಿಡು. ನಾ ಇನ್ನ ನಿನ್ನ ಕೂಡ ಆಡಂಗಿಲ್ಲ," ಎಂದು ಪಾಯಸದ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅದರ ಮುಂದಿನ ವಾರ ಗೇಟಿನಲ್ಲಿ ಮತ್ತೆ ಹೊಡೆದಾಟವಾಯಿತು. ಮಧ್ಯಾಹ್ನ ಕಳೆದರೂ ಪ್ಲಾಸ್ಟರ್ ಕೋಣೆಗೆ ಯಾರೂ ಬರಲಿಲ್ಲ. ಪೆಟ್ಟಾಗಿಲ್ಲವೇನೋ ಎಂದು ಆಸ್ಪತ್ರೆಯವರು ನೆಮ್ಮದಿಯಿಂದ ಚಹಾ ಕುಡಿದರು. ಯಾರೂ ಬರದಿದ್ದದ್ದು, ಕರೆತರಲು ಒಬ್ಬನೂ ಉಳಿಯದೆ ಇದ್ದದ್ದರಿಂದ. ಗೇಟಿನಾಚೆ ಕುಲುಮೆಯ ಕಸ ಸುರಿದು ಬೆಳೆದ ಕಿಟ್ಟದ ದಿಬ್ಬದ ಮೇಲೆ, ಆ ಸುಡುವ ಕರೀ ಕಲ್ಲಿನ ಮೇಲೆ, ಕಾಲು ಮುರಿದವರೆಲ್ಲ ಬಿಸಿಲಿಗೆ ಬಿದ್ದಿದ್ದರು. ತೆವಳಲು ಹೋದವರ ಮೊಣಕೈ ಸುಟ್ಟು ಚರ್ಮ ಕಲ್ಲಿಗೆ ಅಂಟಿತ್ತು. ಫೋನ್ ತೆಗೆಯಲು ಹೋದವರ ಮಣಿಕಟ್ಟನ್ನು ಪಹರೆಗಳು ಆಗಲೇ ಮುರಿದಿದ್ದವು. ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿದ್ದ ಫಕ್ಕೀರಪ್ಪ ವಾಪಸು ಬಂದು ನೋಡುವ ಹೊತ್ತಿಗೆ ಇಬ್ಬರು ರಕ್ತ ಹೋಗಿ ಸತ್ತಿದ್ದರು. ಒಬ್ಬನ ಬಾಯಲ್ಲಿ ಬಾಯಾರಿಕೆಗೆ ಕಚ್ಚಿದ ಅವನದೇ ಅಂಗಿಯ ತುಂಡಿತ್ತು.

ಟ್ರ್ಯಾಕ್ಟರಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಬಂದ ತಮ್ಮ, ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕ ಕೆಲಸ ಮುಗಿಸುವುದನ್ನೇ ಕಾದ. ಅವನ ಅಂಗಿ ಬೇರೆಯವರ ರಕ್ತದಿಂದ ಒದ್ದೆಯಾಗಿತ್ತು.

"ಯಕ್ಕಾ, ಒಂದು ಕೇಳ್ತೀನಿ. ಕುಂಟಿಕೋತ ಹೋಗಿ ನಡುವಕ್ಕ ಕರೀತಾವ. ಎರಡೂ ಮಗ್ಗಲಿಂದ ಬಂದು ಮುಚ್ಚತಾವ. ಮೊದ್ಲು ಒಬ್ಬನ್ನ ಬಿಡ್ತಿದ್ವು, ಇವತ್ತ ಬಿಡಲಿಲ್ಲ. ಯಾರ ಆಟ ಇದು?"

ನೀಲಗಂಗಾಳ ಕೈಯಲ್ಲಿ ಉಳಿದಿದ್ದ ಪ್ಲಾಸ್ಟರಿನ ಒದ್ದೆ ಬಟ್ಟೆ ಹಾಗೇ ಗಟ್ಟಿಯಾಯಿತು.

"ಅವು ನಿನ್ನಂಗ ಆಡ್ತಾವ," ಅಂದ ಫಕ್ಕೀರಪ್ಪ. "ನಾ ಹುಟ್ಟಿದಾಗಿಂದ ನಿನ್ನ ಕೂಡ ಆಡೀನಿ. ನನಗ ಗೊತ್ತಾಗಂಗಿಲ್ಲೇನು?"

ಮರುದಿನ ಬೆಳಿಗ್ಗೆ ಅವಳು ಕಾರ್ಖಾನೆಯ ಹಿಂದಿನ ಗೇಟಿಗೆ ಹೋಗಿ, ನಾನು ಗರಡಿಗಂಗಿ ಎಂದು ಹೇಳಿ ನಿಂತಳು. ಓಡಿಸಿಬಿಡುತ್ತಾರೆಂದುಕೊಂಡಿದ್ದಳು. ಒಳಗಿನಿಂದ ಒಬ್ಬಾತ ಓಡೋಡಿ ಬಂದು ಕೈಮುಗಿದು ಕರೆದುಕೊಂಡು ಹೋದ. ಅವನು ಪ್ರಮಥ ಹೊಳ್ಳ, ಪಹರೆಗಳ ನಿಯಂತ್ರಣ ಕೋಣೆಯ ಮುಖ್ಯಸ್ಥ, ಕುಂದಾಪುರದ ಕಡೆಯವನು. ತೆಳ್ಳಗಿನ, ಮೆಲುದನಿಯ ಮನುಷ್ಯ. ಕೋಣೆ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ಗೇಟಿನ ಮುಂದಿನ ಬಯಲು. ಅಲ್ಲಿ ಕೂತ ಜನ ಹಳದಿ ಚುಕ್ಕೆಗಳಾಗಿ ಕಾಣುತ್ತಿದ್ದರು.

"ನಿಮ್ಮನ್ನು ನೋಡಬೇಕು ಅಂತ ತುಂಬಾ ದಿನದಿಂದ ಇತ್ತು," ಅಂದ ಹೊಳ್ಳ. "ಚೆಸ್ಸಿನಲ್ಲಿ ಯಂತ್ರ ಮನುಷ್ಯನನ್ನು ಸೋಲಿಸಿ ಯಾವ ಕಾಲವಾಯಿತು. ಆದರೆ ಯಂತ್ರ ಎದುರಿನವನನ್ನೂ ಯಂತ್ರ ಅಂತಲೇ ತಿಳಿದು ಆಡ್ತದೆ. ಜನರ ಗುಂಪು ಹಾಗಲ್ಲ ನೋಡಿ. ಹೆದರ್ತದೆ, ಸಿಟ್ಟಾಗ್ತದೆ, ಆಸೆಗೆ ಬೀಳ್ತದೆ. ಅದನ್ನು ಆಡಿಸಲಿಕ್ಕೆ ಮನುಷ್ಯರ ಶೈಲಿಯೇ ಬೇಕು. ಆ ಆಪಿನಲ್ಲಿ ಆಡುವ ಎಲ್ಲರ ಆಟ ನಮಗೆ ಬರ್ತದೆ. ಲಕ್ಷಾಂತರ ಜನರಲ್ಲಿ ಹುಡುಕಿದೆವು. ಬಯಲಿಗೆ ಇಳಿಸಿ ನೋಡಿದಾಗ ಗೆದ್ದದ್ದು ನಿಮ್ಮ ಶೈಲಿ ಒಂದೇ."

"ನನ್ನ ಕೇಳಿದ್ರೇನು?"

"ಆಪಿಗೆ ಸೇರುವಾಗ ಒಪ್ಪಿಗೆ ಒತ್ತಿದ್ದೀರಿ."

"ಒಬ್ಬನ್ನ ಬಿಡೋದು?"

ಹೊಳ್ಳ ತಲೆ ತಗ್ಗಿಸಿದ. "ಅದು ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗಲಿಲ್ಲ. ದೋಷ ಅಂದುಕೊಂಡೆವು. ಮಾಲೀಕರಿಗೆ ಸರಿಬರಲಿಲ್ಲ. ನಾವಾಗಿ ತಿದ್ದಿದರೆ ಉಳಿದ ಆಟವೂ ಹಾಳಾಗ್ತದೆ. ಅದಕ್ಕೇ ವರದಿಯಲ್ಲಿ ಬರೆಸಿ ನೀವೇ ತಿದ್ದಿಕೊಳ್ಳುವ ಹಾಗೆ ಮಾಡಿದೆವು. ನೀವು ತಿದ್ದಿಕೊಂಡಿರಿ, ಪಹರೆಗಳೂ ತಿದ್ದಿಕೊಂಡವು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನೀಲಗಂಗಾಳಿಗೆ ತಮ್ಮ ಅರ್ಧಕ್ಕೇ ಬಿಟ್ಟ ಪಾಯಸದ ಬಟ್ಟಲು ನೆನಪಾಯಿತು. ಆ ಇಬ್ಬರನ್ನು ಕೊಂದದ್ದು ತಾನೇ ಎಂದು ಅವಳಿಗೆ ಅನ್ನಿಸಿತು. ಬೇರೆ ಯಾರಾದರೂ ಅಲ್ಲವೆಂದಿದ್ದರೂ ಅವಳು ನಂಬುತ್ತಿರಲಿಲ್ಲ.

"ಇಬ್ರು ಸತ್ತಾರ ರೀ. ಎತ್ತಿ ತರಾಕ ಯಾರೂ ಇರಲಿಲ್ಲ."

"ಬಿದ್ದ ಮೇಲೆ ಅವರು ನಮ್ಮ ಪರದೆಯಲ್ಲಿ ಕಾಣುವುದಿಲ್ಲ," ಅಂದ ಹೊಳ್ಳ. ತನಗೇ ಹೇಳಿಕೊಂಡಂತೆ ಹೇಳಿದ. ಆಮೇಲೆ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. ನಾಳೆ ಗೇಟು ತೆರವು ಮಾಡಲು ಆಜ್ಞೆಯಾಗಿದೆ. ಹಳೆಯ ಆಟವನ್ನು ಮರಳಿ ಹಾಕಲು ಮಾಲೀಕರು ಬಿಡುವುದಿಲ್ಲ. ಒಂದೇ ದಾರಿ ಇದೆ. ನೀವೇ ಬಂದು ಕೈಯಾರೆ ಆಡಿ. ಗರಡಿಗಂಗಿ ಎದುರಿಗೇ ಕೂತು ಆಡುತ್ತಾಳೆ ಅಂದರೆ ಮಾಲೀಕರೂ ಹಿಗ್ಗಿ ಒಪ್ಪುತ್ತಾರೆ. ನೀವು ಆಡುವಷ್ಟು ಹೊತ್ತು ಯಂತ್ರ ಸುಮ್ಮನಿರುತ್ತದೆ.

"ಪಹರಿಗೋಳನ್ನ ಸುಮ್ನ ನಿಂದ್ರಸ್ತೀನಿ ನಾ."

"ಆಗುವುದಿಲ್ಲ. ಹೊರಗಿನವರು ನುಗ್ಗಿ ಆಟ ಕೆಡಿಸಬಾರದು ಅಂತ ಯಂತ್ರ ಪ್ರತಿ ನಡೆಯನ್ನೂ ಪರೀಕ್ಷೆ ಮಾಡ್ತದೆ. ನಿಮ್ಮದಲ್ಲದ ನಡೆ ಕಂಡರೆ ನಿಮ್ಮನ್ನು ತಳ್ಳಿ ತಾನೇ ಆಡ್ತದೆ. ನಿಮ್ಮ ಹಳೆಯ ಚಾಳಿ ಅದರ ನೆನಪಿನಲ್ಲಿ ಇನ್ನೂ ಉಂಟು. ಒಬ್ಬನನ್ನು ಬಿಟ್ಟರೆ ತಡೆಯುವುದಿಲ್ಲ. ಅಷ್ಟು ಮಾತ್ರ ನಿಮ್ಮ ಕೈಯಲ್ಲಿ."

ಸಂಜೆ ಮನೆಗೆ ಬಂದಾಗ ಫಕ್ಕೀರಪ್ಪ ಹಿತ್ತಲಲ್ಲಿ ಕೂತು ಕಬ್ಬಿಣದ ಸರಳಿನ ತುದಿಯನ್ನು ಬಗ್ಗಿಸಿ ಕೊಕ್ಕೆ ಮಾಡುತ್ತಿದ್ದ. ಪಕ್ಕದಲ್ಲಿ ದಪ್ಪ ಸರಪಳಿಗಳ ರಾಶಿ. ಪಹರೆಯ ಕಾಲಿಗೆ ಕೊಕ್ಕೆ ಹಾಕಿ ಹತ್ತು ಜನ ಎಳೆದರೆ ಅದು ಮಗುಚುತ್ತದೆ ಎಂಬುದು ಅವನ ಲೆಕ್ಕ. ನೀಲಗಂಗಾ ರೊಟ್ಟಿ ಬಡಿದು, ಪುಂಡಿಪಲ್ಯ ಹಾಕಿ ತಟ್ಟೆ ತಂದಿಟ್ಟಳು. ನಾಳೆ ಎಲ್ಲಿ ಕೂರಲಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ಹೋಗಗೊಡುವುದಿಲ್ಲ, ಹೋಗದಿದ್ದರೆ ನಾಳೆ ಒಬ್ಬನೂ ಉಳಿಯುವುದಿಲ್ಲ. ಅವಳು ನುಂಗಿಕೊಂಡಳು.

"ತಮ್ಮಾ, ನಡುವ ದಾರಿ ಬಿಟ್ರ ಹೋಗಬ್ಯಾಡ್ರಿ."

"ನನಗ ಹೇಳ್ತಿಯೇನು ಅದನ್ನ," ಅಂದ ಅವನು, ತುತ್ತು ಮುರಿಯುತ್ತ. "ಕೊಟ್ಟಿದ್ದನ್ನ ತಿನ್ನದಿದ್ರ ನಿನಗ ಸಿಟ್ಟು ಬರ್ತೈತಿ. ಬಲಮಗ್ಗಲಾ ಬಿಟ್ಟು ಬರ್ತಿ. ಅಲ್ಲೇ ಕೊಕ್ಕಿ ಹಾಕೋದು."

ಅವಳ ಎದೆ ಹಗುರಾಯಿತು. ಸೋಲುವುದಕ್ಕೂ ತನ್ನ ಶೈಲಿಯಲ್ಲೇ ಒಂದು ದಾರಿಯಿತ್ತು, ಮತ್ತು ಅದು ಗೊತ್ತಿದ್ದವನು ಎದುರು ಪಕ್ಷದಲ್ಲೇ ಇದ್ದ.

ಮರುದಿನ ಬಿಸಿಲೇರುವ ಹೊತ್ತಿಗೆ ಪಹರೆಗಳು ಸಾಲಾಗಿ ಗೇಟು ದಾಟಿದವು. ನೀಲಗಂಗಾ ತಣ್ಣನೆಯ ಕೋಣೆಯಲ್ಲಿ ಪರದೆಯ ಮುಂದೆ ಕೂತು, ಯಾವ ಗುಂಪಿನ ಕಡೆ ಯಾವ ಪಹರೆ ಎಂದು ಬೆರಳಿನಿಂದ ತೋರಿಸುತ್ತಿದ್ದಳು. ಚುಕ್ಕೆಗಳ ಪಕ್ಕದ ಪರದೆಗಳಲ್ಲಿ ಪಹರೆಗಳ ಕ್ಯಾಮೆರಾ ಕಂಡ ಮುಖಗಳಿದ್ದವು. ಮೂಲೆಯಲ್ಲೊಂದು ಹಸಿರು ದೀಪ. ಅದು ಹಸಿರಾಗಿರುವ ತನಕ ಆಟ ಅವಳದು. ಅವಳು ನಡುವನ್ನು ತೆರೆದಳು, ಒಂದು ಪಹರೆಯನ್ನು ಕುಂಟಿಸಿದಳು.

ಜನ ಕದಲಲಿಲ್ಲ. ತಲೆಗೆ ಕೆಂಪು ಟವೆಲ್ ಸುತ್ತಿದ್ದ ಫಕ್ಕೀರಪ್ಪ ಎರಡೂ ಕೈ ಚಾಚಿ ಎಲ್ಲರನ್ನೂ ತಡೆದು ನಿಂತಿದ್ದ. ಅವಳು ಇನ್ನೊಂದು ಪಹರೆಯನ್ನು ಬೀಳಿಸಿದಳು. ಆಗಲೂ ಬರಲಿಲ್ಲ. ಹೇಳಲು ನಾಚಿಕೆ, ಅವಳಿಗೆ ನಿಜವಾಗಿಯೂ ಸಿಟ್ಟು ಬಂತು. ಕೊಟ್ಟದ್ದನ್ನು ತಿನ್ನದೆ ಹಾಗೆ ನಿಲ್ಲುವುದೆಂದರೇನು. ಆ ಸಿಟ್ಟಿನಲ್ಲೇ ಬಲಗಡೆಯ ಸಾಲನ್ನು ಕಾವಲಿಲ್ಲದೆ ಮುನ್ನುಗ್ಗಿಸಿದಳು. ದೀಪ ಹಸಿರಾಗಿಯೇ ಇತ್ತು.

ಕೊಕ್ಕೆಗಳು ಬಿದ್ದವು. ಸರಪಳಿ ಬಿಗಿದು ಪಹರೆಗಳು ಒಂದರ ಮೇಲೊಂದು ಮಗುಚಿದವು. ಜನ ಸುತ್ತಿಗೆ, ಸರಳು, ಕಲ್ಲು ಹಿಡಿದು ಮೇಲೆ ಬಿದ್ದು ಜಜ್ಜಿದರು. ಒಂದರ ತೋಳು ಕಿತ್ತು ಬಂತು. ಇನ್ನೊಂದರ ಹೊಟ್ಟೆಯಿಂದ ಕರೀ ಎಣ್ಣೆ ಚಿಮ್ಮಿ ಬಡಿಯುತ್ತಿದ್ದವನ ಮುಖ ತೊಯ್ದಿತು.

"ನೀವು ಸೋಲ್ತಾ ಇದ್ದೀರಿ," ಅಂದ ಹೊಳ್ಳ. ಅವನ ದನಿಯಲ್ಲಿ ಎಲ್ಲೋ ಸಂತೋಷವಿತ್ತು.

"ಇದೂ ನನ್ನ ಆಟನ ರೀ. ನಿಮ್ಮ ವರದಿಯೊಳಗ ನೀವ ಬರದೀರಲ್ಲ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹಲಗೆಯ ಮೇಲಿನ ಕಾಯಿಗೆ ರಕ್ತದ ರುಚಿ ಹತ್ತುವುದಿಲ್ಲ, ಮನುಷ್ಯನಿಗೆ ಹತ್ತುತ್ತದೆ. ಯಂತ್ರ ಜಜ್ಜಿ ಕೈ ಬಿಸಿಯಾದವರು, ಕಿಟ್ಟದ ದಿಬ್ಬದ ಮೇಲೆ ಅಣ್ಣತಮ್ಮಂದಿರನ್ನು ಕಳೆದುಕೊಂಡವರು, ನಡುವೆ ಕುಂಟುತ್ತಿದ್ದ ಪಹರೆಯನ್ನು ಕಂಡರು. ಫಕ್ಕೀರಪ್ಪ ಅಡ್ಡ ನಿಂತ. ಅವನನ್ನು ತಳ್ಳಿ, ತುಳಿದು, ಸರಳು ಎತ್ತಿಕೊಂಡು ಬಯಲಿನ ನಡುವಕ್ಕೆ ನುಗ್ಗಿದರು. ಎದ್ದ ಫಕ್ಕೀರಪ್ಪ ಅವರನ್ನು ಹಿಂದೆಳೆಯಲು ತಾನೂ ಓಡಿದ. ಈಗ ಹಳದಿ ಚುಕ್ಕೆಗಳೆಲ್ಲ ನಡುವಿನಲ್ಲಿದ್ದವು, ಪಹರೆಗಳು ಎರಡೂ ಅಂಚಿನಲ್ಲಿದ್ದವು.

ನೀಲಗಂಗಾಳ ಬೆರಳು ಗಾಳಿಯಲ್ಲಿ ನಿಂತಿತು. ದೀಪ ಹಳದಿಗೆ ತಿರುಗಿತು. ಇಷ್ಟು ಹೊತ್ತು ತಡೆಯುವುದು ಗರಡಿಗಂಗಿಯ ಆಟವಲ್ಲ ಎಂದು ಯಂತ್ರಕ್ಕೆ ಅನುಮಾನ ಬಂದಿತ್ತು.

"ಮುಚ್ಚಿ," ಅಂದ ಹೊಳ್ಳ. "ನೀವು ಮುಚ್ಚದಿದ್ದರೆ ಅದೇ ಮುಚ್ತದೆ. ಆಗ ಯಾರೂ ಉಳಿಯುವುದಿಲ್ಲ."

ಅವಳು ಮುಚ್ಚಿದಳು.

ಆಮೇಲಿನದನ್ನು ಅವಳು ಕಣ್ಣು ಬಿಟ್ಟುಕೊಂಡೇ ಮಾಡಿದಳು. ಕಣ್ಣು ಮುಚ್ಚಿದರೆ ಒಬ್ಬನನ್ನು ಬಿಡಲಾಗುತ್ತಿರಲಿಲ್ಲ. ಬೆರಳು ಆಡಿದ ಕಡೆ ಉಕ್ಕಿನ ತೋಳು ಬೀಸಿತು, ಚುಕ್ಕೆಯೊಂದು ಬಿತ್ತು. ಮೊಣಕಾಲು, ಮೊಣಕಾಲು, ಎದ್ದವನ ಮಣಿಕಟ್ಟು. ಪರದೆಯಲ್ಲಿ ಸದ್ದಿರಲಿಲ್ಲ. ಆದರೆ ಚಿಪ್ಪು ಒಡೆಯುವ ಸದ್ದು ಹೇಗಿರುತ್ತದೆಂದು ಅವಳ ಕೈಗೆ ಗೊತ್ತಿತ್ತು, ಮುರಿದ ಮೇಲೆ ಅದರ ಚೂರುಗಳು ಬೆರಳಿಗೆ ಹೇಗೆ ಸಿಗುತ್ತವೆಂದೂ ಗೊತ್ತಿತ್ತು. ಒಬ್ಬ ಬಿದ್ದಲ್ಲೇ ಉರುಳುತ್ತ ಪಹರೆಯ ಕಾಲನ್ನು ಹಲ್ಲಿನಿಂದ ಕಚ್ಚಿದ. ಅವನ ದವಡೆ ಹೋಯಿತು. ಆ ಗುಂಪಿನಲ್ಲಿ ದಪ್ಪಗಿನವನೊಬ್ಬನನ್ನು ಬಿಟ್ಟಳು. ಮುಂದಿನದರಲ್ಲಿ ಕನ್ನಡಕದವನನ್ನು ಬಿಟ್ಟಳು. ಗಟ್ಟಿಮುಟ್ಟಾದವರನ್ನು, ಬೆನ್ನ ಮೇಲೆ ಹೊರಬಲ್ಲವರನ್ನು ಆರಿಸಿ ಆರಿಸಿ ಬಿಟ್ಟಳು. ದೀಪ ಮತ್ತೆ ಹಸಿರಾಗಿತ್ತು.

ಕೊನೆಗೆ ಉಳಿದದ್ದು ಫಕ್ಕೀರಪ್ಪನ ಗುಂಪು. ಒಬ್ಬೊಬ್ಬರೇ ಬಿದ್ದು ಅಲ್ಲಿ ನಿಂತದ್ದು ಇಬ್ಬರೇ. ಒಬ್ಬ ಅವನು. ಇನ್ನೊಬ್ಬ ಕುಲುಮೆಯ ರಾಜಾಸಾಬ, ಅವನ ಜೊತೆಯ ಪಾಳಿಯವನು, ಮೂರು ಹೆಣ್ಣುಮಕ್ಕಳ ತಂದೆ. ನೀಲಗಂಗಾ ಎರಡನೇ ಯೋಚನೆ ಮಾಡಲಿಲ್ಲ. ತಮ್ಮನನ್ನು ಬಿಟ್ಟು ರಾಜಾಸಾಬನನ್ನು ತೋರಿಸಿದಳು.

ಪಹರೆ ಫಕ್ಕೀರಪ್ಪನನ್ನು ದಾಟಿ ಹೋಯಿತು. ಅವನು ಸುತ್ತ ನೋಡಿದ. ಆ ಗುಂಪಿನಲ್ಲೊಬ್ಬ ನಿಂತಿದ್ದಾನೆ, ಈ ಗುಂಪಿನಲ್ಲೊಬ್ಬ ನಿಂತಿದ್ದಾನೆ. ಮೊನ್ನೆ ಹೀಗಿರಲಿಲ್ಲ. ಆಟ ಬದಲಾಗಿತ್ತು, ಬದಲಾಯಿಸಬಲ್ಲ ಕೈ ಒಂದೇ ಇತ್ತು. ಅವನು ಪಹರೆಯ ಹಣೆಯ ಮೇಲಿದ್ದ ಕ್ಯಾಮೆರಾಕ್ಕೆ ನೇರ ಮುಖ ಕೊಟ್ಟ. ಗೋಡೆಯಷ್ಟು ದೊಡ್ಡದಾಗಿ ಆ ಮುಖ ನೀಲಗಂಗಾಳನ್ನು ನೋಡಿತು. ಅವಳು ಬೆರಳನ್ನು ಹಿಂದೆಗೆಯುವಷ್ಟರಲ್ಲಿ ಅವನು ರಾಜಾಸಾಬನ ಮುಂದೆ ಬಂದು ನಿಂತುಬಿಟ್ಟಿದ್ದ. ಬೀಸಿದ ತೋಳು ಒಂದೇ ಪೆಟ್ಟಿಗೆ ಮೊಣಕಾಲನ್ನೂ, ಬೀಳುತ್ತಿದ್ದವನ ತೊಡೆಯನ್ನೂ ಮುರಿಯಿತು. ಆ ಗುಂಪಿಗೆ ರಾಜಾಸಾಬನೊಬ್ಬ ಉಳಿದ, ಆಟ ಮುಗಿದು ಪಹರೆಗಳು ಗೇಟಿನತ್ತ ತಿರುಗಿದವು.

"ಒಳ್ಳೆ ಆಟ," ಅಂದ ಹೊಳ್ಳ, ಅಭ್ಯಾಸಬಲದಿಂದ. ಹೇಳಿದ ಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನೀಲಗಂಗಾ ಆಗಲೇ ಬಾಗಿಲು ತೆಗೆದು ಓಡುತ್ತಿದ್ದಳು.

ಅಂದು ಯಾರೂ ಸಾಯಲಿಲ್ಲ. ಬಿಟ್ಟವರು ಬಿದ್ದವರನ್ನು ಹೊತ್ತು ತಂದರು. ಆಸ್ಪತ್ರೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ನೆಲ ರಕ್ತಕ್ಕೆ ಜಾರುತ್ತಿತ್ತು. ರಾಜಾಸಾಬ ಫಕ್ಕೀರಪ್ಪನನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಪ್ಲಾಸ್ಟರ್ ಕೋಣೆಯ ಮೇಜಿನ ಮೇಲೆ ಮಲಗಿಸಿದ. ನೋವಿಗೆ ಕೊಡುವ ಇಂಜೆಕ್ಷನ್ ಮೊದಲು ಬಂದವರಿಗೇ ಮುಗಿದಿತ್ತು. ತೊಡೆಯ ಮೂಳೆ ಒಂದರ ಮೇಲೊಂದು ಹತ್ತಿಕೊಂಡು ಕಾಲು ಗಿಡ್ಡವಾಗಿತ್ತು, ಪಾದ ತಣ್ಣಗಾಗುತ್ತಿತ್ತು. ತಕ್ಷಣ ಎಳೆದು ಕೂಡಿಸದಿದ್ದರೆ ಕಾಲೇ ಹೋಗುವಂತಿತ್ತು.

"ನೀನ ಆಡಿದಿ," ಅಂದ ಫಕ್ಕೀರಪ್ಪ.

"ಹೂಂ. ನಾ ಆಡದಿದ್ರ ಒಬ್ರೂ ಉಳೀತಿರಲಿಲ್ಲೋ ತಮ್ಮಾ."

"ಗೊತ್ತು." ಅವನು ಉಸಿರು ಹಿಡಿದು ಹೇಳಿದ. "ಅವರನ್ನೆಲ್ಲಾ ನಿನ್ನ ಕೈಲೆ ಬಡಿದು, ನನ್ನ ಒಬ್ಬನ್ನ ಉಳಸ್ತಿದ್ದಿ. ನಾ ಹ್ಯಾಂಗ ಮನಿಗೆ ಹೋಗಲಿ ಹೇಳು. ನಿನ್ನಿಂದ ಉಳಿಯೋದು ನನಗ ಬ್ಯಾಡಾತು."

ನೀಲಗಂಗಾ ಕತ್ತರಿ ತೆಗೆದುಕೊಂಡು ಅವನ ಪ್ಯಾಂಟನ್ನು ತೊಡೆಯವರೆಗೆ ಸೀಳಿದಳು. ಒಬ್ಬನಿಗಾಗಿ ಅಷ್ಟು ಜನರ ಕಾಲು ಮುರಿದಿದ್ದಳು, ಆ ಒಬ್ಬನೇ ಬೇಡ ಅಂದಿದ್ದ.

ಫಕ್ಕೀರಪ್ಪ ಬಾಗಿಲ ಕಡೆ ತಲೆ ತಿರುಗಿಸಿದ. "ರಾಜಾಸಾಬಣ್ಣಾ, ಪ್ಲಾಸ್ಟರ್ ಹಾಕವ್ರು ಬ್ಯಾರೆ ಯಾರರ ಅದಾರೇನು ನೋಡು."

ರಾಜಾಸಾಬ ಪಡಸಾಲೆಯ ಉದ್ದಕ್ಕೂ ಕೇಳಿಕೊಂಡು ಬಂದು ಇಲ್ಲವೆಂದು ತಲೆಯಾಡಿಸಿದ. ಇಡೀ ಕರೇಗುಡ್ಡಕ್ಕೆ ಇದ್ದದ್ದು ಅವಳೊಬ್ಬಳೇ. ಫಕ್ಕೀರಪ್ಪ ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡು, ಹೊರಗೆ ಕಾದಿದ್ದ ಬೇರೆ ಕೆಲಸಗಾರರು ಅವಳನ್ನು ಮಾತಾಡಿಸುವ ಹಾಗೆಯೇ ಹೇಳಿದ:

"ಎಳೀರಿ ಮೇಡಂ."

ರಾಜಾಸಾಬ ಅವನ ಹೆಗಲನ್ನು ಅದುಮಿ ಹಿಡಿದ. ನೀಲಗಂಗಾ ತಮ್ಮನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಾಲನ್ನು ಮೇಜಿಗೆ ಕೊಟ್ಟು, ಮೈಯ ಬಲವೆಲ್ಲ ಹಾಕಿ ಎಳೆದಳು.